ಬುಧವಾರ ಮಧ್ಯಾಹ್ನದ ಮೌನ

ಜನವರಿ ೮
(ಬೀಳ್ಕೊಡುಗೆಯ ದಿನ ಓದುವುದಕ್ಕೆ)

ಸಭೆಗೆ ನನ್ನ ನಮಸ್ಕಾರ.

ನೀರಿನಡಿ ಕಾದು ಕುಳಿತು, ಹಡಗು ಹತ್ತಿರ ಬಂದಾಗ ಸಿಡಿಯುವ ಮೈನುಗಳನ್ನು ತೆಗೆಯುವ ವಿದ್ಯೆಯನ್ನು ಈ ಶಾಲೆಗೆ ತಂದ ನಾಲ್ವರು ಹಿರಿಯರು ಇಂದು ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆಂದು ಕೇಳಿದೆ. ಮೊದಲ ಕೃತಜ್ಞತೆ ಅವರಿಗೆ. ಆ ನಾಲ್ವರ ಕೈಗಳಲ್ಲಿ ನಲವತ್ತು ಬೆರಳುಗಳಿರಬೇಕಿತ್ತು, ಮೂವತ್ತನಾಲ್ಕು ಇವೆ. ಉಳಿದ ಆರಕ್ಕೂ ನಾವು ಋಣಿಗಳು.

ಮೊಣಕಾಲು ಪ್ಲಾಸ್ಟರಿನಲ್ಲಿರುವುದರಿಂದ ನನಗೆ ಬರಲಾಗಲಿಲ್ಲ. ನನ್ನ ಪರವಾಗಿ ಇದನ್ನು ಓದುತ್ತಿರುವವಳು ಈ ತಂಡದಲ್ಲಿ ಮೊದಲಿಗಳಾಗಿ ತೇರ್ಗಡೆಯಾದವಳು, ನಾವೆಲ್ಲ ಗುಬ್ಬಿ ಎಂದು ಕರೆಯುವ ಹುಡುಗಿ. ನಾಚಿಕೆಯಿಂದ ಅವಳು ಈ ಸಾಲನ್ನು ಹಾರಿಸಿಬಿಡಬಾರದೆಂದು ಮುಖ್ಯಸ್ಥರಿಗೆ ಇನ್ನೊಂದು ಪ್ರತಿ ಕಳಿಸಿದ್ದೇನೆ.

ಮಕ್ಕಳೇ, ನಾಳಿದ್ದು ನಿಮ್ಮಲ್ಲಿ ಕೆಲವರು ಒಕ್ಕೂಟದ ಕಚೇರಿಗೆ ಹೊರಡುತ್ತೀರಿ. ಒಬ್ಬರ ಮೇಲೆ ಬಿದ್ದ ಪೆಟ್ಟು ಎಲ್ಲರ ಮೇಲೂ ಬಿದ್ದಂತೆ ಎಂದು ಹನ್ನೊಂದು ದೇಶಗಳು ಸೇರಿ ಕಟ್ಟಿಕೊಂಡ ಒಕ್ಕೂಟ ಅದು. ನಮ್ಮದು ಅದರಲ್ಲಿ ಚಿಕ್ಕ ದೇಶ. ನಮ್ಮ ಅಪಾಯಕ್ಕೆ ದುರ್ಬೀನು ಬೇಕಿಲ್ಲ. ಬಂದರಿನ ಕಟ್ಟೆಯ ಮೇಲೆ ನಿಂತರೆ ಎದುರು ದಡ ಬರಿಗಣ್ಣಿಗೆ ಕಾಣುತ್ತದೆ. ಹೀಗಿರುವಾಗ ದೂರದ ಕಡಲಿನ ಉಸಾಬರಿ ನಮಗೇಕೆ ಎಂದು ಜನ ಕೇಳುತ್ತಾರೆ, ಮನೆಗೆ ಮಾರಿ ಊರಿಗೆ ಉಪಕಾರಿ ಎಂದು ಆಡಿಕೊಳ್ಳುತ್ತಾರೆ. ಅವರನ್ನು ಹಗುರವಾಗಿ ಕಾಣಬೇಡಿ. ಅದು ಭಯದ ಮಾತಲ್ಲ, ಲೆಕ್ಕ ತಿಳಿದವರ ಮಾತು.

ಆದರೂ ನನ್ನ ಅನುಭವ ಇಷ್ಟು. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ನಮ್ಮ ದೇಶದ ಹೆಸರನ್ನೇ ಕೇಳಿರದ ಜನರ ಕಡಲಿನಲ್ಲಿ ನಾನು ಹದಿನಾಲ್ಕು ತಿಂಗಳು ಮೈನು ತೆಗೆದೆ. ಮೂರು ವರ್ಷಗಳ ನಂತರ ನಮ್ಮ ಬಂದರಿಗೆ ಅಪಾಯ ಒದಗಿದಾಗ ಎಲ್ಲರಿಗಿಂತ ಮೊದಲು ಬಂದ ದೋಣಿ ಆ ಜನರದ್ದೇ. ದೂರಕ್ಕೆ ಚಾಚಿದ ಕೈ ವ್ಯರ್ಥವಾಗುವುದಿಲ್ಲ. ಮನೆಯ ಬಾಗಿಲನ್ನು ಯಾರು ನೋಡಿಕೊಳ್ಳುತ್ತಾರೆಂದು ಕೇಳಿಯೇ ಕೈ ಚಾಚಬೇಕು, ಅಷ್ಟೆ. ಆ ಪ್ರಶ್ನೆ ಕೇಳುವುದಕ್ಕೇ ನಿಮ್ಮನ್ನು ಅಲ್ಲಿಗೆ ಕಳಿಸುತ್ತಿದ್ದೇವೆ.

ನಿಮ್ಮೆಲ್ಲರ ಶ್ರೇಯಸ್ಸನ್ನು ಬಯಸುವ,
ಮೇಷ್ಟ್ರು


ಜನವರಿ ೩೦

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ನಿಮ್ಮ ಪತ್ರವನ್ನು ಒಂದು ಸಾಲೂ ಬಿಡದೆ ಓದಿದೆ. ಬೆರಳುಗಳ ಮಾತು ಬಂದಾಗ ಮುಂದಿನ ಸಾಲಿನ ಅಜ್ಜ ಒಬ್ಬರು ತಮ್ಮ ಎಡಗೈಯನ್ನು ಎತ್ತಿ ತೋರಿಸಿದರು; ಇಡೀ ಸಭೆ ಎದ್ದು ನಿಂತಿತು.

ಇಲ್ಲಿಗೆ ಬಂದು ಮೂರು ವಾರವಾಯಿತು. ಫೋನಿನಲ್ಲಿ ಕೆಲಸದ ಮಾತು ಕೂಡದು, ಎದುರು ದಡದವರು ಕೇಳಿಸಿಕೊಳ್ಳುತ್ತಾರೆ. ನಿಮ್ಮ ಹೆಸರು ಸಲಹೆಗಾರರ ಪಟ್ಟಿಯಲ್ಲಿರುವುದರಿಂದ ಸರ್ಕಾರಿ ಟಪ್ಪಾಲು ಚೀಲದಲ್ಲಿ ಬರೆಯಬಹುದೆಂದು ಅಪ್ಪಣೆಯಾಗಿದೆ. ಇಲ್ಲಿಂದ ಚೀಲ ಶುಕ್ರವಾರ ಹೊರಡುತ್ತದೆ, ಅಲ್ಲಿಂದ ಸೋಮವಾರ ಹೊರಟು ಮಂಗಳವಾರ ಬರುತ್ತದೆ.

ಉದ್ದನೆಯ ಪಡಸಾಲೆ, ಹನ್ನೊಂದು ಬಾಗಿಲು, ಹೆಜ್ಜೆಯ ಸದ್ದು ಕೇಳದಷ್ಟು ದಪ್ಪ ಜಮಖಾನೆ. ನಮ್ಮ ದೇಶದ್ದು ಕೊನೆಯ ಬಾಗಿಲು, ಪಕ್ಕದಲ್ಲೇ ಕಾಫಿ ಯಂತ್ರ. ಹೀಗಾಗಿ ಹತ್ತೂ ದೇಶದವರು ದಿನಕ್ಕೆ ಎರಡು ಬಾರಿ ನಮ್ಮ ಬಾಗಿಲಿಗೆ ಬರುತ್ತಾರೆ. "ನಮ್ಮ ವಿದೇಶಾಂಗ ನೀತಿ ನಡೀತಿರೋದೇ ಈ ಯಂತ್ರದ ಮೇಲೆ ಕಣಮ್ಮ" ಎಂದರು ಸಾಹೇಬರು. ಅವರು ನನ್ನ ಮೇಲಧಿಕಾರಿ. ಹದಿನಾರು ವರ್ಷದಿಂದ ಇಲ್ಲಿದ್ದಾರೆ.

ಇಲ್ಲಿಯ ಒಂದು ಪದ್ಧತಿಯನ್ನು ನಿಮಗೆ ಹೇಳಲೇಬೇಕು. ಯಾರೂ ಕೈ ಎತ್ತಿ ಮತ ಹಾಕುವುದಿಲ್ಲ. ನಿರ್ಣಯದ ಕರಡನ್ನು ಹನ್ನೊಂದು ಬಾಗಿಲಿಗೂ ಹಂಚುತ್ತಾರೆ. ಅದರ ತಲೆಯ ಮೇಲೆ ಒಂದು ಬುಧವಾರದ ದಿನಾಂಕ ಇರುತ್ತದೆ. ಆ ಮಧ್ಯಾಹ್ನ ಹನ್ನೆರಡರೊಳಗೆ ಯಾವ ದೇಶವೂ ಲಿಖಿತ ಆಕ್ಷೇಪಣೆ ಕೊಡದಿದ್ದರೆ ಅದು ಎಲ್ಲರ ಒಪ್ಪಿಗೆ ಎಂದೇ ಅರ್ಥ. ಒಬ್ಬರು ಆಕ್ಷೇಪಿಸಿದರೂ ನಿರ್ಣಯ ಬಿದ್ದುಹೋಗುತ್ತದೆ. ಹನ್ನೊಂದೂಮುಕ್ಕಾಲಿಗೆ ಎಲ್ಲರೂ ಗಡಿಯಾರ ನೋಡುತ್ತ ಕೂರುತ್ತಾರೆ. ಕಳೆದ ವಾರ ಯಾರೋ ಸೀನಿದರು. ಗುಮಾಸ್ತರು ತಲೆಯೆತ್ತಿ, "ಸಾರ್, ಇದನ್ನ ಆಕ್ಷೇಪಣೆ ಅಂತ ಬರ್ಕೊಳ್ಳಲಾ?" ಎಂದು ಕೇಳಿದರು.

ನನ್ನ ಪಕ್ಕದ ಮೇಜಿನವಳು ಒಕ್ಕೂಟದ ಅತಿ ದೂರದ ದೇಶದವಳು, ನನ್ನದೇ ವಯಸ್ಸು. ಅವಳ ಊರಿನ ಜಲಸಂಧಿಯಲ್ಲಿ ಕಳೆದ ವರ್ಷ ಯಾರೋ ಮೈನು ಹರಡಿದ್ದಾರೆ. ಅವಳ ಅಪ್ಪ ಅಲ್ಲಿ ಜನರನ್ನು ಆಚೆ ದಡಕ್ಕೆ ದಾಟಿಸುವ ದೋಣಿಯ ನಾವಿಕ. ಊರು ಈಚೆ, ಆಸ್ಪತ್ರೆ ಆಚೆ. ದೋಣಿ ನಿಂತು ಐದು ತಿಂಗಳಾಯಿತು. "ನಿಮ್ಮನೆ ಕಿಟಕಿಯಿಂದ ಕಡಲು ಕಾಣುತ್ತಾ?" ಎಂದು ಕೇಳಿದಳು. ಕಾಣುತ್ತೆ ಎಂದೆ. "ಹಾಗಾದ್ರೆ ನಿಂಗೆ ಬಿಡಿಸಿ ಹೇಳೋದು ಬೇಕಿಲ್ಲ" ಎಂದಳು.

ಅಣ್ಣನಿಗೆ ಹೇಳಿ, ನಾನು ಚೆನ್ನಾಗಿದ್ದೇನೆ ಎಂದು. ಅವನು ಪತ್ರ ಬರೆಯುವ ಪೈಕಿಯವನಲ್ಲ.

ನಿಮ್ಮ ಶಿಷ್ಯೆ,
ಗುಬ್ಬಿ


ಫೆಬ್ರವರಿ ೧೬

ಚಿರಂಜೀವಿ ಗುಬ್ಬಿಗೆ ಆಶೀರ್ವಾದಗಳು.

ಪ್ಲಾಸ್ಟರು ಬಿಚ್ಚಿದರು. ಒಳಗಿದ್ದ ಕಾಲು ನನ್ನದೇ ಎಂದು ನಂಬುವುದಕ್ಕೆ ಎರಡು ದಿನ ಬೇಕಾಯಿತು.

ನಿಮ್ಮಣ್ಣ ಪ್ರತಿ ಭಾನುವಾರ ಬಂದು ಹೋಗುತ್ತಾನೆ. ಹೊರಗಿನಿಂದ ಬಂದ ಹಡಗುಗಳನ್ನು ಹತ್ತಿ, ಅಳಿವೆಯ ಇಕ್ಕಟ್ಟಿನ ಹಡಗುದಾರಿಯಲ್ಲಿ ನಡೆಸಿ ತರುವ ಬಂದರಿನ ಪೈಲಟ್ ಅವನು. ಆದರೂ ನನ್ನ ಮನೆಯ ಮೆಟ್ಟಿಲನ್ನು ಇಂದಿಗೂ ಎಡವಿಯೇ ಬರುತ್ತಾನೆ. "ಅವಳಲ್ಲಿ ಕೋಟು ಹಾಕ್ಕೊಂಡು ಕೂತಿರ್ತಾಳಾ ಮೇಷ್ಟ್ರೇ? ಕಾಲು ಮಡಚ್ಕೊಂಡು ಕುರ್ಚಿ ಮೇಲೆ ಕೂರೋದು ಬಿಟ್ಟಳಂತಾ?" ಎಂದು ಕೇಳಿದ. ನನಗೆ ಗೊತ್ತಿಲ್ಲವೆಂದೆ. ಗೊತ್ತಾದರೆ ಬರೆ.

ನಮ್ಮ ಎರಡು ಮೈನು ತೆರವು ದೋಣಿಗಳು ಕ್ರಮ ತಪ್ಪದೆ ಕೆಲಸ ಮಾಡುತ್ತಿವೆ. ಪ್ರತಿ ಸೋಮವಾರ ಹಡಗುದಾರಿಯ ತಳವನ್ನು ಓದಿ, ಅಲ್ಲಿರುವ ಪ್ರತಿ ಬಂಡೆಯನ್ನೂ ಪೀಪಾಯಿಯನ್ನೂ ತುಕ್ಕು ಹಿಡಿದ ಲಂಗರನ್ನೂ ನಕ್ಷೆಯ ಮೇಲೆ ಗುರುತು ಹಾಕುತ್ತವೆ. ಈ ವಾರ ಮುನ್ನೂರ ಹನ್ನೆರಡು ಗುರುತುಗಳಿವೆ. ನೀವು ವಿದ್ಯಾರ್ಥಿಗಳಾಗಿದ್ದಾಗ ಈ ಕೆಲಸವನ್ನು ಕಸ ಎಣಿಸುವುದು ಎಂದು ಗೇಲಿ ಮಾಡುತ್ತಿದ್ದಿರಿ. ಮುನ್ನೂರ ಹದಿಮೂರನೆಯದು ಕಂಡ ದಿನವೇ ಅದರ ಬೆಲೆ ತಿಳಿಯುವುದು.

ಇನ್ನೊಂದು ವಿಷಯ. ಎದುರು ದಡದವರು ಈ ತಿಂಗಳು ಎರಡು ಬಾರಿ ನೌಕಾ ಕವಾಯತು ನಡೆಸಿದರು. ಕವಾಯತು ಮುಗಿದ ಮೇಲೂ ನಾಲ್ಕು ಬೂದು ಬಣ್ಣದ ಮೀನುದೋಣಿಗಳು ಉಳಿದುಕೊಂಡಿವೆ. ಇಲ್ಲಿಯ ಮೀನುಗಾರರಿಗೆಲ್ಲ ಹಿರಿಯಕ್ಕನಂತಿರುವ ಬಲೆಯಕ್ಕ ನಿನಗೆ ಗೊತ್ತಲ್ಲ. ಜೋಡಿ ದೋಣಿ ಕಟ್ಟಿ ಬಲೆ ಎಳೆಸುವವಳು. ಅವಳು ಹೇಳಿದಳು: "ಅವ್ರು ಮೀನುಗಾರರೇನೋ ಹೌದು ಮೇಷ್ಟ್ರೇ. ಬಲೆ ಮಾತ್ರ ಮನೇಲಿ ಮರೆತು ಬಂದಿದ್ದಾರೆ."

ಆರೋಗ್ಯ ನೋಡಿಕೋ.

ನಿನ್ನ ಮೇಷ್ಟ್ರು


ಮಾರ್ಚ್ ೬

ಪೂಜ್ಯ ಮೇಷ್ಟ್ರಿಗೆ,

ಇಂದು ಒಂದು ಕರಡು ಬಂದಿದೆ. ದೂರದ ಜಲಸಂಧಿಯನ್ನು ತೆರವು ಮಾಡಲು ಒಂದು ಜೋಡಿ ದೋಣಿ ಕಳಿಸಬೇಕು. ಅದರಲ್ಲಿರುವುದು ನಮ್ಮ ಜೋಡಿಯ ಹೆಸರು. ನಮ್ಮಲ್ಲಿರುವುದು ಅದೊಂದೇ ಜೋಡಿ ಎಂದು ಎಲ್ಲೂ ಬರೆದಿಲ್ಲ. ಒಕ್ಕೂಟದ ದೊಡ್ಡ ದೇಶದ ಬಳಿ ಆರು ಜೋಡಿ ಇವೆ. ಅವು ರಿಪೇರಿಯಲ್ಲಿವೆಯಂತೆ, ಆರೂ ಒಟ್ಟಿಗೆ.

ನಾನು ಸಾಹೇಬರ ಬಳಿ ಹೋಗಿ ಎದುರು ದಡದ ಬೂದು ದೋಣಿಗಳ ಮಾತು ಎತ್ತಿದೆ. ಅವರು ಕನ್ನಡಕ ಒರೆಸಿಕೊಳ್ಳುತ್ತ ಹೇಳಿದರು: "ನೋಡಮ್ಮ, ಹದಿನಾರು ವರ್ಷದಲ್ಲಿ ನಾವು ಒಂದ್ಸಲಾನೂ ಬಾಯಿ ತೆಗೆದಿಲ್ಲ. ಅದೇ ನಮ್ಮ ಬಂಡವಾಳ. ಇವತ್ತು ನಾವು ಅವರ ಕಷ್ಟಕ್ಕೆ ಅಡ್ಡ ಬಂದ್ರೆ, ನಾಳೆ ನಮ್ಮ ಕಷ್ಟಕ್ಕೆ ಹತ್ತು ಜನ ಅಡ್ಡ ಬರ್ತಾರೆ." ಇದು ಸುಳ್ಳೆಂದು ನನಗೆ ಅನ್ನಿಸಲಿಲ್ಲ. ನಿಮ್ಮ ಬೀಳ್ಕೊಡುಗೆಯ ಪತ್ರದಲ್ಲಿ ಇದ್ದದ್ದೂ ಬಹುಪಾಲು ಇದೇ ಅಲ್ಲವೇ.

ಪಕ್ಕದ ಮೇಜಿನವಳು ಕರಡನ್ನು ಓದಿದ್ದಾಳೆ. ನನ್ನನ್ನು ಏನೂ ಕೇಳಲಿಲ್ಲ. ಕೇಳದಿದ್ದುದೇ ಕಷ್ಟವಾಗಿದೆ. ಮೊನ್ನೆ ಅವಳ ಊರಿನಲ್ಲಿ ಹೆರಿಗೆಯ ನೋವು ಬಂದವಳನ್ನು ಆಚೆಗೆ ದಾಟಿಸಲಾಗದೆ, ತಾಯಿ ಮಗು ಇಬ್ಬರೂ ಹೋದರಂತೆ. ಅದನ್ನೂ ಅವಳು ಹೇಳಿದ್ದು ಬೇರೆ ಯಾರಿಗೋ. ನನ್ನ ಕಿವಿಗೆ ಬಿತ್ತು, ಅಷ್ಟೆ.

ಗಡುವು ಮಾರ್ಚ್ ೧೯, ಬುಧವಾರ. ಸಾಹೇಬರು ಒಂದು ರಿಯಾಯಿತಿ ಕೊಟ್ಟಿದ್ದಾರೆ. ಪಟ್ಟಿಯಲ್ಲಿರುವ ಸಲಹೆಗಾರರು ಬೇಡವೆಂದು ಬರೆದರೆ ಅದನ್ನು ಲಗತ್ತಿಸಿ ಆಕ್ಷೇಪಣೆ ಹಾಕಬಹುದು. ನಮ್ಮ ಬಂದರಿನ ತಳವನ್ನು ನಿಮಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ನೀವು ಹೇಳಿದಂತೆ ಆಗಲಿ. ಮಂಗಳವಾರದ ಚೀಲದಲ್ಲಿ ನಿಮ್ಮಿಂದ ಏನೂ ಬರದಿದ್ದರೆ ಒಪ್ಪಿದ್ದೀರಿ ಎಂದುಕೊಳ್ಳುತ್ತೇನೆ.

ನಿಮ್ಮ ಶಿಷ್ಯೆ,
ಗುಬ್ಬಿ


ಮಾರ್ಚ್ ೨೦

ಪೂಜ್ಯ ಮೇಷ್ಟ್ರಿಗೆ,

ಮಂಗಳವಾರದ ಚೀಲವನ್ನು ನಾನೇ ಬಿಚ್ಚಿಸಿದೆ. ನಿಮ್ಮ ಪತ್ರ ಇರಲಿಲ್ಲ. ಚೀಲವನ್ನು ತಲೆಕೆಳಗು ಮಾಡಿ ಕೊಡವಿಸಿದ್ದಕ್ಕೆ ಗುಮಾಸ್ತರು ಸಿಟ್ಟಾದರು.

ನಿನ್ನೆ ಮಧ್ಯಾಹ್ನ ಹನ್ನೆರಡಾಯಿತು. ನಿರ್ಣಯ ಅಂಗೀಕಾರವಾಯಿತು. ದೋಣಿಗಳು ಏಪ್ರಿಲ್ ಮೊದಲ ವಾರ ಹೊರಡಬೇಕು. ಪಕ್ಕದ ಮೇಜಿನವಳು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

ನಿಮ್ಮ ಒಪ್ಪಿಗೆಗೆ ಧನ್ಯವಾದಗಳು.

ಗುಬ್ಬಿ


ಏಪ್ರಿಲ್ ೬

ಚಿರಂಜೀವಿ ಗುಬ್ಬಿಗೆ ಆಶೀರ್ವಾದಗಳು.

ಮೊನ್ನೆ ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ ದೋಣಿಗಳು ಹೊರಟವು. ಅವನ್ನು ಅಳಿವೆಯಾಚೆ ದಾಟಿಸಿ ಬಂದವನು ನಿಮ್ಮಣ್ಣನೇ. ಹುಡುಗರ ಮುಖದಲ್ಲಿ ಉತ್ಸಾಹವಿತ್ತು. ಹೋಗುತ್ತಿರುವ ಇಪ್ಪತ್ತೆರಡು ಮಂದಿಯಲ್ಲಿ ಹದಿನೇಳು ಜನ ನನ್ನ ಕೈಯಲ್ಲಿ ಕಲಿತವರು. ಒಬ್ಬೊಬ್ಬರ ಹಗ್ಗದ ಗಂಟನ್ನೂ ಎಳೆದು ನೋಡಿ ಬೀಳ್ಕೊಟ್ಟೆ. ಅವರ ವಿಷಯದಲ್ಲಿ ನನಗೆ ಹೆಮ್ಮೆಯಲ್ಲದೆ ಬೇರೇನೂ ಇಲ್ಲ.

ಕಟ್ಟೆಯ ಮೇಲೆ ಜನ ಸೇರಿದ್ದರು. ಬಲೆಯಕ್ಕ ನನ್ನ ಪಕ್ಕ ಬಂದು ನಿಂತು, "ಮನೆ ನಾಯೀನ ಪಕ್ಕದೂರು ಕಾಯೋಕೆ ಕಳಿಸ್ತಿದ್ದೀರಲ್ಲ ಮೇಷ್ಟ್ರೇ, ಇನ್ಮೇಲೆ ಬೊಗಳೋದು ಯಾರು, ನೀವಾ?" ಎಂದಳು. ಸುತ್ತಲಿನವರು ನಕ್ಕರು; ನಾನೂ ನಕ್ಕೆ. ನಿಮ್ಮಣ್ಣ ಮಾತ್ರ ನಗಲಿಲ್ಲ. ಪೈಲಟ್ ದೋಣಿಯಿಂದ ಇಳಿದು ಕೈಗವಸು ಕಳಚುತ್ತ, "ತಳದ ನಕ್ಷೆ ಇನ್ನು ಯಾರು ಬರೀತಾರೆ?" ಎಂದು ಕೇಳಿದ. ಯಾರೂ ಇಲ್ಲವೆಂದೆ. ಅವನು ತಲೆಯಾಡಿಸಿ ಮುಂದಿನ ಹಡಗಿಗೆ ಹೋದ.

ನಕ್ಷೆಯ ಕೊನೆಯ ದಿನಾಂಕ ಮಾರ್ಚ್ ೩೧. ಗುರುತುಗಳು ಮುನ್ನೂರ ಹನ್ನೆರಡು. ಶಾಲೆಯ ಗೋಡೆಯ ಮೇಲೆ ಅದನ್ನು ಹಾಗೆಯೇ ಇರಿಸಿದ್ದೇವೆ.

ನೀನು ನನಗೆ ಧನ್ಯವಾದ ಹೇಳಿದ್ದೀಯೆ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ನಿನ್ನ ಮೇಷ್ಟ್ರು


ಮೇ ೨೨

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ಸಂತೋಷದ ಸುದ್ದಿ. ನಮ್ಮ ಹುಡುಗರು ಆ ಜಲಸಂಧಿಯಲ್ಲಿ ಇದುವರೆಗೆ ಹತ್ತೊಂಬತ್ತು ಮೈನುಗಳನ್ನು ತೆಗೆದಿದ್ದಾರೆ, ಒಬ್ಬರಿಗೂ ಗಾಯವಿಲ್ಲ. ದಾಟುದೋಣಿಗಾಗಿ ಒಂದು ಕಿರುದಾರಿ ತೆರೆದಿದೆ. ದಿನಕ್ಕೆ ಎರಡು ಬಾರಿ, ಹಗಲಿನಲ್ಲಿ ಮಾತ್ರ. ಮೊದಲ ದಿನ ತೆರವು ದೋಣಿಗಳು ಮುಂದೆ ಮುಂದೆ ಹೋಗಿ, ಹಿಂದೆ ಪಕ್ಕದ ಮೇಜಿನವಳ ಅಪ್ಪ ದೋಣಿ ನಡೆಸಿದರಂತೆ. ಆಚೆ ದಡ ಮುಟ್ಟಿದ ಮೇಲೆ ಇಳಿಯುವುದನ್ನೂ ಮರೆತು ಜನ ಸುಮ್ಮನೆ ಕುಳಿತಿದ್ದರಂತೆ. "ಅಪ್ಪ ಗದರಿಸಿ ಇಳಿಸಬೇಕಾಯ್ತು" ಎಂದು ಇವಳು ನಗುತ್ತ ನಗುತ್ತ ಅತ್ತಳು.

ಕೆಲಸ ಇನ್ನೂ ಅರ್ಧ ಉಳಿದಿದೆ. ಮೈನುಗಳು ಒಂದೆರಡು ಕಡೆ ಹೊಸದಾಗಿ ಬಿದ್ದಿವೆಯೆಂದೂ ಹೇಳುತ್ತಾರೆ.

ಆ ದಿನ ನೀವು ಒಪ್ಪಿದ್ದು ಸರಿಯೆಂದು ಈಗ ಅನ್ನಿಸುತ್ತದೆ. ಬಹುಪಾಲು ಅನ್ನಿಸುತ್ತದೆ. ನೀವು ಏಪ್ರಿಲ್‌ನಿಂದ ಬರೆದಿಲ್ಲ. ಕಾಲು ಹೇಗಿದೆ? ಅಣ್ಣ ಫೋನಿನಲ್ಲಿ ಹವೆಯ ಮಾತು ಬಿಟ್ಟು ಬೇರೇನೂ ಆಡುವುದಿಲ್ಲ. ಹವೆ ಚೆನ್ನಾಗಿದೆ ಎನ್ನುತ್ತಾನೆ, ದನಿ ಚೆನ್ನಾಗಿರುವುದಿಲ್ಲ.

ನಿಮ್ಮ ಶಿಷ್ಯೆ,
ಗುಬ್ಬಿ


ಜೂನ್ ೧೫

ಗುಬ್ಬಿ,

ನಿಮ್ಮಣ್ಣ ಕ್ಷೇಮವಾಗಿದ್ದಾನೆ. ಮೊದಲು ಇದನ್ನು ಓದಿಕೋ, ಆಮೇಲೆ ಉಳಿದದ್ದು.

ಗುರುವಾರ ಬೆಳಿಗ್ಗೆ ಒಂಬತ್ತೂ ನಲವತ್ತಕ್ಕೆ, ಅಳಿವೆಯಿಂದ ಅರ್ಧ ಮೈಲಿ ಒಳಗೆ, ಹೂಳೆತ್ತುವ ದೋಣಿ ಸಿಡಿದು ಮುಳುಗಿತು. ಐವರಿದ್ದರು. ಇಬ್ಬರನ್ನು ನಿಮ್ಮಣ್ಣ ನೀರಿನಿಂದ ಎಳೆದ. ಮೂವರು ಸಿಗಲಿಲ್ಲ: ದೋಣಿಯ ಮೇಸ್ತ್ರಿ, ಯಂತ್ರದವನು, ಅಡುಗೆಯವನು. ಅದೇ ದಾರಿಯಲ್ಲಿ ಹತ್ತು ನಿಮಿಷದ ನಂತರ ಧಾನ್ಯದ ಹಡಗೊಂದನ್ನು ಒಳಕ್ಕೆ ತರಬೇಕಿದ್ದವನು ನಿಮ್ಮಣ್ಣ. ಹೂಳುದೋಣಿ ಪಕ್ಕಕ್ಕೆ ಸರಿಯಲಿ ಎಂದು ಕಾಯುತ್ತಿದ್ದನಂತೆ.

ಎದುರು ದಡದ ರೇಡಿಯೋ ಸಂತಾಪ ಸೂಚಿಸಿತು. ಅದು ಹಳೆಯ ಯುದ್ಧದಲ್ಲಿ ಉಳಿದುಹೋದ ಮೈನೆಂದೂ ನಮ್ಮ ಬಂದರನ್ನು ನಾವು ಗುಡಿಸಿಟ್ಟುಕೊಳ್ಳಬೇಕಿತ್ತೆಂದೂ ಹೇಳಿತು. ಅದು ಸುಳ್ಳೆಂದು ನನಗೆ ಗೊತ್ತು. ಸಾಬೀತು ಮಾಡಲಾರೆ. ಮಾರ್ಚ್ ೩೧ರಂದು ಆ ಜಾಗದಲ್ಲಿ ಬರಿಯ ಮರಳಿತ್ತು ಎಂದು ತೋರಿಸಬಲ್ಲೆ. ಆಮೇಲೆ ಪ್ರವಾಹ ಯಾವುದನ್ನೋ ಎಲ್ಲಿಂದಲೋ ಉರುಳಿಸಿ ತಂದಿರಬಹುದಲ್ಲ ಎಂದರೆ ನನ್ನಲ್ಲಿ ಉತ್ತರವಿಲ್ಲ. ನಮ್ಮ ನಕ್ಷೆಯಲ್ಲಿ ಏಪ್ರಿಲ್ ಇಲ್ಲ, ಮೇ ಇಲ್ಲ.

ಈಗ ನಾನು ಮುಂದೂಡುತ್ತ ಬಂದ ಮಾತು. ಮಾರ್ಚ್‌ನಲ್ಲಿ ನಾನು ಒಪ್ಪಿರಲಿಲ್ಲ. ಬೇಡ ಎಂದು ನಾಲ್ಕು ಪುಟ ಬರೆದೆ. ಲಕೋಟೆಗೆ ಹಾಕಿದ ಮೇಲೆ ಅನುಮಾನ ಬಂತು. ನನ್ನ ಮನೆ ಬಂದರಿನಲ್ಲಿದೆ. ಆ ದಾರಿಯಲ್ಲಿ ದಿನಕ್ಕೆ ನಾಲ್ಕು ಬಾರಿ ಓಡಾಡುವವನು ನಾನು ಎತ್ತಿ ಆಡಿಸಿದ ಹುಡುಗ. ಸ್ವಂತ ಭಯವನ್ನು ನಾನು ದೇಶದ ಹಿತವೆಂದು ಕರೆಯುತ್ತಿದ್ದೇನೆಯೇ ಎಂದು ಕೇಳಿಕೊಂಡೆ. ತುಂಬಿದ ಸಭೆಗೆ ದೂರಕ್ಕೆ ಕೈ ಚಾಚಿ ಎಂದು ಬೋಧಿಸಿದವನು ಎರಡೇ ತಿಂಗಳಲ್ಲಿ ಕೈ ಹಿಂತೆಗೆಯುವುದೇ ಎಂದು ನಾಚಿಕೆಯೂ ಆಯಿತು. ಸೋಮವಾರ ಚೀಲ ಹೊರಡುವ ಹೊತ್ತಿನಲ್ಲಿ ನಾನು ಮೇಜಿನ ಮುಂದೆಯೇ ಕುಳಿತಿದ್ದೆ. ಬರೆಯದಿದ್ದರೆ ಒಪ್ಪಿಗೆಯೆಂದು ಎಣಿಸುತ್ತೀಯೆ ಎಂಬುದನ್ನು ನಾನು ಮರೆತಿರಲಿಲ್ಲ. ನಿರ್ಧಾರ ನನ್ನದಾಗಬಾರದೆಂದು, ಅದು ತಾನಾಗಿ ಆಗಿಹೋಗಲಿ ಎಂದು ಬಿಟ್ಟೆ.

ಮೂವರು ಹೋದರು. ಯಂತ್ರದವನ ಹೆಂಡತಿ ನಿನ್ನೆ ಕಟ್ಟೆಯ ಮೇಲೆ ನನ್ನನ್ನು ತಡೆದು, "ನಿಮಗೆ ಗೊತ್ತಿರ್ಲಿಲ್ವಾ ಮೇಷ್ಟ್ರೇ?" ಎಂದು ಕೇಳಿದಳು. ಅಷ್ಟೇ ಕೇಳಿದಳು.

ಮೇಷ್ಟ್ರು


ಜೂನ್ ೨೬

ಮೇಷ್ಟ್ರಿಗೆ,

ನಿಮ್ಮ ಪತ್ರವನ್ನು ಹಲವು ಬಾರಿ ಓದಿದೆ. ಸಿಟ್ಟು ಬಂತು. ಆ ಮಂಗಳವಾರ ಚೀಲ ಕೊಡವಿಸಿದಾಗ ನಾನು ಹುಡುಕುತ್ತಿದ್ದುದು ನಿಮ್ಮ ಬೇಡ ಎಂಬ ಮಾತನ್ನೇ. ಅದು ಸಿಗಲಿ ಎಂದು ಬೇಡಿಕೊಳ್ಳುತ್ತಿದ್ದೆ. ಅದನ್ನು ನಾನೂ ನಿಮಗೆ ಬರೆದು ಹೇಳಿರಲಿಲ್ಲ. ನಾಲ್ಕು ದಿನದ ಮೇಲೆ ಈ ಸಿಟ್ಟಿನಲ್ಲಿ ಎಷ್ಟು ಪಾಲು ನನ್ನ ಮೇಲಿನದು ಎಂದು ತಿಳಿಯಿತು.

ಇಲ್ಲಿಯ ಸುದ್ದಿ. ಹೂಳುದೋಣಿಯ ವಿಷಯ ಮೂರು ಸಭೆಗಳಲ್ಲಿ ಬಂತು. ಸಾಕ್ಷಿ ಸಾಲದು, ತನಿಖೆಯಾಗಲಿ ಎಂದರು. ಕೊನೆಗೆ ಹೊಸ ಕರಡೊಂದು ಬಂದಿದೆ. ಹತ್ತಿರದ ಅಪಾಯ, ದೂರದ ಭದ್ರತೆ ಎರಡನ್ನೂ ಸಮನಾಗಿ ಗಮನಿಸಿ, ಒಂದು ತೆರವು ದೋಣಿಯನ್ನು ನಮ್ಮ ಬಂದರಿಗೆ ಹಿಂದಿರುಗಿಸಿ, ಇನ್ನೊಂದನ್ನು ಆ ಜಲಸಂಧಿಯಲ್ಲೇ ಉಳಿಸುವುದು. ಸಮತೋಲನ ಎಂಬ ಪದ ಒಂದೇ ಪುಟದಲ್ಲಿ ಆರು ಸಲ ಇದೆ.

ಒಂದು ದೋಣಿ. ಎರಡು ದೋಣಿಗಳ ನಡುವೆ ಉಕ್ಕಿನ ಹಗ್ಗ ಕಟ್ಟಿ ಎಳೆದರಲ್ಲವೇ ಮೈನನ್ನು ತಳಕ್ಕೆ ಬಿಗಿದ ಸರಪಳಿ ಕತ್ತರಿಸುವುದು? ಒಂಟಿ ದೋಣಿ ಆ ಜಲಸಂಧಿಯಲ್ಲೂ ಕೆಲಸಕ್ಕೆ ಬಾರದು, ನಮ್ಮ ಬಂದರಿನಲ್ಲೂ ಬಾರದು. ಬರೆದವರ ಸಮಿತಿಯಲ್ಲಿ ಜೀವಮಾನದಲ್ಲಿ ಹಗ್ಗ ಹಿಡಿದವರು ಒಬ್ಬರೂ ಇಲ್ಲ. ದೊಡ್ಡ ದೇಶದ ನೌಕಾ ಅಧಿಕಾರಿಗೆ ಗೊತ್ತು. ನಾನು ಅವರನ್ನು ನೋಡಿದಾಗ ಅವರು ಕಿಟಕಿಯ ಕಡೆ ನೋಡಿದರು.

ಸಾಹೇಬರಿಗೆ ಬಿಡಿಸಿ ಹೇಳಿದೆ. "ಕೇಳಿದ್ರಲ್ಲಿ ಅರ್ಧ ಸಿಕ್ಕಿದೆ, ಅದೂ ಬಾಯಿ ತೆಗೀದೆ. ಊರಿಗೆ ದೋಣಿ ಬಂತು ಅಂತ ಪೇಪರಲ್ಲಿ ಬರುತ್ತೆ, ಜನಕ್ಕೆ ಸಮಾಧಾನ ಆಗುತ್ತೆ" ಎಂದರು. ಜನ ಸಮಾಧಾನಗೊಂಡರೆ ಹಡಗುಗಳು ಮತ್ತೆ ಆ ದಾರಿಯಲ್ಲಿ ಓಡಾಡುತ್ತವಲ್ಲ ಸಾರ್, ಅವುಗಳನ್ನು ನಡೆಸುವವನು ನಮ್ಮಣ್ಣ ಎಂದೆ. ಅವರು ಕಡತ ಮುಚ್ಚಿಟ್ಟು, "ಅದಕ್ಕೇ ಈ ವಿಷಯದಲ್ಲಿ ನೀನು ಮಾತಾಡಬಾರದು" ಎಂದರು.

ಪಕ್ಕದ ಮೇಜಿನವಳು, "ಪರವಾಗಿಲ್ಲ ಬಿಡು, ನಿಮ್ಗೂ ಒಂದು, ನಮ್ಗೂ ಒಂದು" ಎನ್ನುತ್ತಾಳೆ. ಅವಳ ಅಪ್ಪ ದಿನಕ್ಕೆ ಎರಡು ಬಾರಿ ಜನ ತುಂಬಿಕೊಂಡು ದಾಟುತ್ತಿದ್ದಾರೆ. ನಾನಿನ್ನೂ ಅವಳಿಗೆ ಹೇಳಿಲ್ಲ.

ಗಡುವು ಜುಲೈ ೯, ಬುಧವಾರ. ಸಾಹೇಬರು ಐದರಿಂದ ಹದಿನಾಲ್ಕರವರೆಗೆ ರಜೆ. ಸಹಿಯ ಅಧಿಕಾರ ನನಗೆ ಬರುತ್ತದೆ. ಆಕ್ಷೇಪಿಸಿದರೆ ಕರಡು ಬೀಳುತ್ತದೆ, ಸಿಗಬೇಕಿದ್ದ ಆ ಒಂದು ದೋಣಿಯೂ ಇಲ್ಲ. ನನ್ನನ್ನು ಮರುವಾರವೇ ಊರಿಗೆ ಕಳಿಸುತ್ತಾರೆ. ಸುಮ್ಮನಿದ್ದರೆ ಎಲ್ಲರೂ ಬೆನ್ನು ತಟ್ಟುತ್ತಾರೆ.

ಈ ಸಲ ಬರೆಯಿರಿ ಮೇಷ್ಟ್ರೇ. ಏನಾದರೂ ಬರೆಯಿರಿ.

ಗುಬ್ಬಿ


ಜುಲೈ ೭, ಬೆಳಿಗ್ಗೆ
ಬಂದರಿನ ಕಟ್ಟೆ

ಚಿರಂಜೀವಿ ಗುಬ್ಬಿಗೆ ಆಶೀರ್ವಾದಗಳು.

ಚೀಲ ಹತ್ತು ಗಂಟೆಗೆ ಹೊರಡುತ್ತದೆ. ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಆಕ್ಷೇಪಿಸು. ಸಲಹೆಗಾರನ ಅಭಿಪ್ರಾಯವನ್ನು ಬೇರೆ ಹಾಳೆಯಲ್ಲಿ ಸಹಿ ಮಾಡಿ ಲಗತ್ತಿಸಿದ್ದೇನೆ. ಜೋಡಿಯನ್ನು ಬೇರ್ಪಡಿಸಿದರೆ ಎರಡು ಬಂದರುಗಳೂ ಸಾಯುತ್ತವೆ ಎಂದು ಅದರಲ್ಲಿ ನೇರವಾಗಿ ಬರೆದಿದ್ದೇನೆ. ನನ್ನ ಮನೆ ಎಲ್ಲಿದೆ ಎಂಬುದನ್ನೂ, ನಿನ್ನ ಅಣ್ಣ ಯಾರೆಂಬುದನ್ನೂ ಬರೆದಿದ್ದೇನೆ. ಭಯವಿರುವವನ ಮಾತೂ ನಿಜವಾಗಿರಬಹುದು, ಓದುವವರು ತೂಗಿ ನೋಡಲಿ.

ಬೇಡ ಎಂದಷ್ಟೇ ಹೇಳಿ ಕೂರಬೇಡ. ನಮ್ಮ ಜೋಡಿ ಒಟ್ಟಾಗಿ ಇಲ್ಲಿಗೆ ಬರಲಿ, ದೊಡ್ಡ ದೇಶದ ಆರರಲ್ಲಿ ಒಂದು ಜೋಡಿ ಅಲ್ಲಿಗೆ ಹೋಗಲಿ, ಅದು ತಲುಪುವವರೆಗೆ ನಮ್ಮವರು ಆ ಜಲಸಂಧಿ ಬಿಟ್ಟು ಕದಲುವುದಿಲ್ಲ ಎಂದು ಬರೆ. ಆರು ಜೋಡಿಯೂ ಒಟ್ಟಿಗೆ ರಿಪೇರಿಗೆ ಬಂದದ್ದು ಹೇಗೆಂದು ಎಲ್ಲರೆದುರು ಕೇಳು. ಕೇಳುವುದಕ್ಕೆ ಮುಂಚೆ ಪಕ್ಕದ ಮೇಜಿನವಳಿಗೆ ಒಂಟಿ ದೋಣಿಯ ನಿಜವನ್ನು ಹೇಳಿಬಿಡು. ಅವಳ ಅಪ್ಪ ದಿನಾ ದಾಟುತ್ತಿದ್ದಾರೆ; ತಿಳಿಯುವ ಹಕ್ಕು ಅವಳದ್ದು. ಆಕ್ಷೇಪಣೆಯ ಕೆಳಗೆ ಎರಡು ದೇಶದ ಸಹಿ ಬಿದ್ದರೆ, ಒಂದು ಹತ್ತಿರದ್ದು, ಒಂದು ದೂರದ್ದು, ಅದನ್ನು ಸ್ವಾರ್ಥವೆಂದು ಕರೆಯುವುದು ಕಷ್ಟ. ಅವಳು ಸಹಿ ಹಾಕದಿದ್ದರೂ ನೀನು ಹಾಕು.

ನಿನ್ನನ್ನು ಊರಿಗೆ ಕಳಿಸಿದರೆ ಶಾಲೆಯಲ್ಲಿ ಒಂದು ಕುರ್ಚಿ ಖಾಲಿಯಿದೆ. ಕಾಲು ಮಡಚಿಕೊಂಡು ಕೂರಬಹುದು.

ಇಲ್ಲಿಯ ಸಂಗತಿ. ಹೊರಗೆ ಮೂರು ಹಡಗುಗಳು ಕಾದಿವೆ, ಒಂದರಲ್ಲಿ ಔಷಧಿಯಿದೆ. ಬಂದರಿನ ಅಧಿಕಾರಿಗಳು ಒಕ್ಕೂಟದ ದೋಣಿ ಬರಲಿ ಎನ್ನುತ್ತಾರೆ. ನಾನು ಕಳೆದ ವಾರ ಬಲೆಯಕ್ಕನ ಮನೆಗೆ ಹೋಗಿದ್ದೆ. ಜೋಡಿಯಾಗಿ ಬಲೆ ಎಳೆಯುವ ಅವಳ ಮರದ ದೋಣಿಗಳನ್ನು ಕೇಳಿದೆ. ಮರದವಾದ್ದರಿಂದ ಕಬ್ಬಿಣಕ್ಕೆ ಸಿಡಿಯುವ ಮೈನುಗಳಿಂದ ಸ್ವಲ್ಪ ಕ್ಷೇಮ. ಸ್ವಲ್ಪ ಮಾತ್ರ, ಅದನ್ನೂ ಮುಚ್ಚಿಡದೆ ಹೇಳಿದೆ. ಅವಳು, "ಬಲೆ ಬದಲು ಉಕ್ಕಿನ ಹಗ್ಗ, ಮೀನು ಬದಲು ಸಾವು. ಎಳೆಯೋದಂತೂ ಎಳೆಯೋದೇ ಅಲ್ವಾ ಮೇಷ್ಟ್ರೇ?" ಎಂದಳು. ಕೈಯಲ್ಲಿದ್ದ ಬಲೆಯನ್ನು ಮಡಚಿಟ್ಟು, "ಒಂದು ದೋಣೀಲಿ ನಾನಿರ್ತೀನಿ. ನನ್ನ ದೋಣಿ ನನಗೆ ಹೇಳದೆ ಮುಳುಗಬಾರದು" ಎಂದಳು. ಇನ್ನೊಂದರ ಚುಕ್ಕಾಣಿ ನಿಮ್ಮಣ್ಣನದು. ನಾನು ಬೇಡವೆಂದೆ. "ಈ ದಾರಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಹೇಳಿ" ಎಂದ. 

ಹಗ್ಗದ ಕೆಲಸಕ್ಕೆ ಶಾಲೆಯ ಹೊಸ ತಂಡದಿಂದ ಆರು ಮಂದಿ ತಾವಾಗಿ ಮುಂದೆ ಬಂದಿದ್ದಾರೆ. ಎಲ್ಲರೂ ನಿನಗಿಂತ ಚಿಕ್ಕವರು. ಅವರ ಮನೆಗಳಿಗೆ ನಾನೇ ಹೋಗಿ, ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುತ್ತಿದ್ದೇನೆಂದು ಹೆತ್ತವರಿಗೆ ಹೇಳಿ ಬಂದೆ. ಇಬ್ಬರ ಮನೆಯವರು ಒಪ್ಪಲಿಲ್ಲ, ಆ ಇಬ್ಬರನ್ನು ಬಿಟ್ಟಿದ್ದೇನೆ. ಉಳಿದ ನಾಲ್ವರ ಗಂಟುಗಳನ್ನು ಎರಡೆರಡು ಸಲ ಎಳೆದು ನೋಡಿದ್ದೇನೆ. ಮೊಣಕಾಲು ಮಡಚದಿದ್ದರೂ ನಾನು ಬಲೆಯಕ್ಕನ ದೋಣಿಯಲ್ಲಿರುತ್ತೇನೆ.

ಆಚೆ ಬೂದು ದೋಣಿಗಳು ಇಂದು ನಾಲ್ಕಲ್ಲ, ಏಳು ಇವೆ. ನಮ್ಮನ್ನು ನೋಡುತ್ತಿವೆ. ನೋಡಲಿ.

ಈ ಪತ್ರ ಮಂಗಳವಾರ ನಿನ್ನ ಕೈ ಸೇರುವ ಹೊತ್ತಿಗೆ ನಾವು ಮೊದಲ ಅರ್ಧ ಮೈಲಿಯನ್ನು ಮುಗಿಸಿರಬೇಕು. ಮುಗಿಸಿದ ಸ್ಥಿತಿಯಲ್ಲಿ ನಾವಿದ್ದೇವೆಯೇ ಎಂದು ತಿಳಿಯಲು ಫೋನಿನ ಹತ್ತಿರ ಕಾಯುತ್ತ ಕೂರಬೇಡ. ನಮ್ಮಿಂದ ಸುದ್ದಿ ಬಂದರೂ ಬರದಿದ್ದರೂ ಬುಧವಾರ ಹನ್ನೆರಡಕ್ಕೆ ಮುಂಚೆ ನಿನ್ನ ಕಾಗದ ಗುಮಾಸ್ತರ ಮೇಜಿನ ಮೇಲಿರಬೇಕು.

ಇಳಿತ ನಿಂತಿದೆ, ನೀರು ಏರುವುದಕ್ಕೆ ಮೊದಲಾಗಿದೆ. ನಿಮ್ಮಣ್ಣ ಕೂಗುತ್ತಿದ್ದಾನೆ. ಹಗ್ಗದ ಈ ತುದಿಯನ್ನು ನಾವು ಹಿಡಿದಿದ್ದೇವೆ. ಲೇಖನಿ ತೆಗೆದುಕೋ ಮಗಳೇ, ಕೆಲಸ ಶುರು ಮಾಡು.

ನಿನ್ನ ಮೇಷ್ಟ್ರು